ಒಂಬತ್ತು ಚೌಕ, ಒಂದು ಸೆರಗು

ಹಳ್ಳಿ ಮಾಸ್ತರರನ್ನು ಸುಧಾರಿಸುತ್ತೇವೆ ಎಂದು ಹೊರಟವರನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಚಹಾ ಕಾಸಿಕೊಟ್ಟಿದ್ದೇನೆ, ರೊಟ್ಟಿ ಬಡಿದು ಹಾಕಿದ್ದೇನೆ, ಅವರು ಕೈ ತೊಳೆಯಲು ತಂಬಿಗೆ ಹಿಡಿದು ನಿಂತಿದ್ದೇನೆ. ಆದ್ದರಿಂದ ಮಾತು ಸ್ವಲ್ಪ ಬಿರುಸಾದರೆ ತಪ್ಪು ತಿಳಿಯಬಾರದು. ಬೆಳಿಗ್ಗೆ ಲಿಂಗಪೂಜೆಯ ಹೊತ್ತಿನಲ್ಲಿ ‘ಶಿವನೇ, ನಾಲಿಗೆ ಹಿಡಿತದಲ್ಲಿರಲಿ’ ಎಂದು ದಿನಾ ಬೇಡಿಕೊಳ್ಳುತ್ತೇನೆ. ಬೇರೆಯವರ ವಿಷಯದಲ್ಲಿ ಆತ ನಡೆಸಿಕೊಟ್ಟಿದ್ದಾನೆ. ಇವರ ವಿಷಯದಲ್ಲಿ ಮಾತ್ರ ಅವನಿಗೂ ಮನಸ್ಸಾಗಲಿಲ್ಲ ಎಂದು ಕಾಣುತ್ತದೆ.

ಆಗ ನಮ್ಮವರು ಸವದತ್ತಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಮಾಸ್ತರರಾಗಿದ್ದರು. ಬಸ್ಸಿಳಿದು ಜೋಳದ ಹೊಲಗಳ ನಡುವೆ ನಡೆದು ಹೋಗಬೇಕಾದ ಊರು. ಶಾಲೆ ಎಂದರೆ ಒಂದೇ ಕೋಣೆ, ಒಂದು ಪಡಸಾಲೆ. ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ಮಕ್ಕಳೆಲ್ಲ ಅದೇ ಕೋಣೆಯಲ್ಲಿ, ಎಲ್ಲರಿಗೂ ನಮ್ಮವರೊಬ್ಬರೇ. ನಾವು ಶಾಲೆಯ ಹಿಂದಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ನನ್ನ ಒಲೆಯ ಹೊಗೆ ಶಾಲೆಗೆ ಹೋಗುತ್ತಿತ್ತು, ಶಾಲೆಯ ಮಗ್ಗಿ ನನ್ನ ಅಡುಗೆಮನೆಗೆ ಬರುತ್ತಿತ್ತು. ನನ್ನ ತವರು ನೇಸರಗಿ. ಅಲ್ಲಿ ನಾನು ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ಇಯತ್ತೆ, ಪಾಸಾದವಳು. ಅದಕ್ಕಿಂತ ಹೆಚ್ಚು ಕಲಿತಿಲ್ಲ, ಕಲಿತೆನೆಂದು ಹೇಳಿಕೊಂಡೂ ಇಲ್ಲ.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಈ ತರಬೇತಿಗಳು ಶುರುವಾದವು. ಹತ್ತಾರು ಶಾಲೆಗಳಿಗೆ ಒಬ್ಬರಂತೆ, ಮಾಸ್ತರರಿಗೆ ಬೆಂಬಲ ಕೊಡಲೆಂದು ಒಬ್ಬರನ್ನು ನೇಮಿಸಿದರು. ಸಂಪನ್ಮೂಲ ವ್ಯಕ್ತಿ ಎಂದು ಅವರಿಗೆ ಹೆಸರು. ನಮ್ಮ ಭಾಗಕ್ಕೆ ಬಂದವರೂ ಮೊದಲು ಮಾಸ್ತರರೇ. ಹಲಗೆಯ ಮುಂದೆ ನಿಂತು ಖಡು ಹಿಡಿಯುವುದು ತಪ್ಪಿತಲ್ಲ ಎಂಬ ಸಂತೋಷ ಅವರ ಬಿಳಿ ಅಂಗಿಯ ಇಸ್ತ್ರಿಯಲ್ಲೇ ಕಾಣುತ್ತಿತ್ತು. ತಿಂಗಳಿಗೊಂದು ಸಭೆ, ನಡುವೆ ಐದು ದಿನದ್ದೋ ಆರು ದಿನದ್ದೋ ತರಬೇತಿ. ನಮ್ಮವರು ತರಬೇತಿಗೆ ಹೋದ ದಿನ ಶಾಲೆಗೆ ಕೀಲಿ. ಮಕ್ಕಳಿಗೆ ಚೆನ್ನಾಗಿ ಕಲಿಸುವುದು ಹೇಗೆಂದು ಕಲಿಸಲು, ಕಲಿಸುವವನನ್ನೇ ಮಕ್ಕಳ ಮುಂದಿನಿಂದ ಎಬ್ಬಿಸಿಕೊಂಡು ಹೋಗುವುದು! ಇದನ್ನು ಯಾರು ಯೋಚಿಸಿದರೋ, ಅವರ ಮನೆಯಲ್ಲಿ ಒಲೆಯ ಮೇಲಿನ ಅನ್ನ ಬಿಟ್ಟು ಅಡುಗೆ ಕಲಿಯಲು ಹೋಗುತ್ತಾರೇನೋ.

ಒಮ್ಮೆ ತರಬೇತಿ ಮುಗಿಸಿ ಬಂದವರನ್ನು ಕೇಳಿದೆ, “ಏನ್ ಕಲಿಸಿದ್ರು?”

“ಮಳಿ ಚಪ್ಪಾಳಿ,” ಎಂದರು. ಮೊದಲು ಒಂದು ಬೆರಳಿನಿಂದ ಅಂಗೈ ತಟ್ಟುವುದು, ಆಮೇಲೆ ಎರಡು, ಮೂರು, ಹೀಗೆ ಐದೂ ಬೆರಳಿಗೆ ಬಂದರೆ ಮಳೆ ಸುರಿದಂತೆ ಸಪ್ಪಳವಾಗುತ್ತದಂತೆ. ತಲೆ ನೆರೆತ ಮಾಸ್ತರರೆಲ್ಲ ಕಾಗದದ ಟೊಪ್ಪಿಗೆ ಹಾಕಿಕೊಂಡು ಮಧ್ಯಾಹ್ನದವರೆಗೆ ಮಳೆ ಸುರಿಸಿದರಂತೆ.

“ಮತ್ತ ಮಧ್ಯಾಹ್ನದ ಮ್ಯಾಲೆ?”

“ಮಳಿ ಬಗ್ಗೆ ಅನಿಸಿಕಿ ಹೇಳಿದ್ವಿ.”

ಆ ದಿನಗಳಲ್ಲಿ ಕೀಲಿ ತೆಗೆದು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದವಳು ನಾನು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ರೊಟ್ಟಿ ಮುಗಿಸಿ, ಕೈ ಒರೆಸಿಕೊಂಡು ಹೋಗಿ ಕೂತರೆ ಮಕ್ಕಳು “ಬಾಯಾರ ಬಂದ್ರು” ಎಂದು ಸುಮ್ಮನಾಗುತ್ತಿದ್ದವು. ನೆಲ ಕಡಪಾ ಕಲ್ಲಿನದು. ಚಳಿಗಾಲದಲ್ಲಿ ಮಕ್ಕಳು ಪಾಟಿಯ ಚೀಲವನ್ನೇ ಕೆಳಗೆ ಹಾಕಿಕೊಂಡು ಕೂರುತ್ತಿದ್ದವು.

ಅವರಲ್ಲಿ ಗೌಂಡಿಯ ಮಗಳೊಬ್ಬಳಿದ್ದಳು. ಎರಡನೆಯ ಇಯತ್ತೆಯಲ್ಲಿ ಅದು ಅವಳ ಎರಡನೆಯ ವರ್ಷ. ಓದಲು ಬರುತ್ತಿತ್ತು, ಎಣಿಸಲು ಬರುತ್ತಿರಲಿಲ್ಲ. ಇಪ್ಪತ್ತೊಂಬತ್ತರವರೆಗೆ ಗಾಳಿಯ ಹಾಗೆ ಬರುವಳು, ಅಲ್ಲಿಗೆ ಬಂದು “ಇಪ್ಪತ್ತ ಹತ್ತು, ಇಪ್ಪತ್ತ ಹನ್ನೊಂದು” ಎಂದು ಹೊಲದ ದಾರಿ ಹಿಡಿಯುವಳು. ನಮ್ಮವರು ತಿದ್ದಿದರು, ಬೈದರು, ಮುದ್ದು ಮಾಡಿದರು. ಆಗಲಿಲ್ಲ. ಆ ವರ್ಷ ಶಾಲೆ ಶುರುವಾದ ಮೇಲೆ ಅವಳ ಅಪ್ಪ ಒಂದು ದಿನ ಪಡಸಾಲೆಯ ಮುಂದೆ ಬಂದು ನಿಂತ. ಕಲ್ಲು ಕಟ್ಟುವವನು. ಕೈ, ಮಾತು ಎರಡೂ ಒರಟು, ಆದರೆ ಮನುಷ್ಯ ಕೆಟ್ಟವನಲ್ಲ.

“ಮಾಸ್ತರ, ಖರೆ ಹೇಳ್ರಿ. ಇಕಿ ತಲಿಯಾಗ ಏನರ ಐತೋ, ಬರೇ ಎಣ್ಣಿ ಐತೋ?”

“ಐತೋ ಮಾರಾಯಾ, ಸ್ವಲ್ಪ ತಡಿ.”

“ಯುಗಾದಿತನಕ ತಡಿತೇನಿ. ಯುಗಾದಿ ದಿನ ನಾನ ಕೇಳಾವ. ನೂರು ಕಲ್ಲು ಇಡತೇನಿ. ತಪ್ಪದಂಗ ಎಣಿಸಿದ್ಲು, ಸಾಲಿಗೆ ಬರಲಿ. ಇಲ್ಲಂದ್ರ ತಮ್ಮನ್ನ ಎತ್ತಿಕೊಂಡು ಮನ್ಯಾಗ ಇರಲಿ. ಅವರವ್ವ ಕೂಲಿಗೆ ಹೋಗಾಕರ ಆಗತೈತಿ.”

ಆ ಮಗು ನನ್ನ ಸೆರಗು ಹಿಡಿದು ನಿಂತಿತ್ತು. ಅಪ್ಪನ ಮಾತನ್ನೆಲ್ಲ ಕೇಳಿತು. ಅಳಲಿಲ್ಲ. ನನ್ನ ಸೆರಗಿನ ಅಂಚನ್ನು ಮಡಚುವುದು, ಬಿಡಿಸುವುದು, ಅದೇ ಮಾಡುತ್ತಿತ್ತು.

ಆಗ ನನಗೆ ಹೊಳೆಯಿತು. ಹೊಳೆಸಿದವನು ಮೇಲಿನವನು, ನನ್ನದೇನೂ ಇಲ್ಲ.

ಮಳೆಗಾಲದಲ್ಲಿ ನಾನು ಹೇಗೂ ಕೌದಿ ಹೊಲಿಯುತ್ತಿದ್ದೆ. ಹಳೆಯ ಸೀರೆಗಳನ್ನು ಚೌಕ ಚೌಕ ಕತ್ತರಿಸಿ, ಪದರ ಸೇರಿಸಿ, ಒತ್ತಾಗಿ ಟಾಕಿ ಹಾಕಿ ಹೊಲಿದರೆ ಕೌದಿ. ಈ ಸಲ ಅಳತೆ ಇಟ್ಟುಕೊಂಡು ಹೊಲಿದೆ. ಒಂದೊಂದು ಚೌಕ ಒಂದು ಗೇಣು. ಒಂದು ಸಾಲಿಗೆ ಹತ್ತು ಚೌಕ, ಅಂಥ ಹತ್ತು ಸಾಲು. ಒಂದು ಸಾಲಿಗೆ ಒಂದೇ ಸೀರೆ: ಒಂಬತ್ತು ಚೌಕ ಸೀರೆಯ ಮೈಯಿಂದ, ಹತ್ತನೆಯದು ಅದೇ ಸೀರೆಯ ಸೆರಗಿನಿಂದ. ನಮ್ಮ ಕಡೆಯ ಇಳಕಲ್ಲ ಸೀರೆಗೆ ಮೈ ಯಾವ ಬಣ್ಣದ್ದಿದ್ದರೂ ಸೆರಗು ಕೆಂಪು. ಹೀಗಾಗಿ ಕೌದಿಯ ಒಂದು ಬದಿ ಮೇಲಿನಿಂದ ಕೆಳಗಿನವರೆಗೆ ಕೆಂಪಗೆ ನಿಂತಿತು. ನಮ್ಮತ್ತೆಯ ಎರಡು ಸೀರೆ, ನನ್ನ ತಾಯಿಯದೊಂದು, ನನ್ನವು ಮೂರು. ಉಳಿದದ್ದನ್ನು ಓಣಿಯ ಹೆಂಗಸರು ಕೊಟ್ಟರು. “ಸಾಲಿ ಮಕ್ಕಳಿಗೇನ? ಒಯ್ಯವಾ” ಎಂದು ಕೊಟ್ಟರೇ ಹೊರತು ಯಾರೂ ಸಭೆ ಕರೆಯಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಜೋಳದ ರೊಟ್ಟಿ ಒಳಗಿಟ್ಟು ಹೊಲಿದೆ. ಇದು ನಮ್ಮತ್ತೆ ಕಲಿಸಿದ ಪದ್ಧತಿ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ, ಅದರ ಹೊಟ್ಟೆಗೂ ಒಂದು ತುತ್ತು ಬೇಕು ಎನ್ನುತ್ತಿದ್ದರು. ದಿನಾ ಹಾಸಿ, ಕೊಡವಿ, ಬಿಸಿಲಿಗೆ ಹಾಕುವ ಕೌದಿಯಲ್ಲಿ ಆ ಚೂರು ಒಣಗಿ ಪುಡಿಯಾಗಿ ಹೋಗುತ್ತದೆ. ನಮ್ಮ ಮನೆಯ ಯಾವ ಕೌದಿಗೂ ಅದರಿಂದ ಕೇಡಾಗಿರಲಿಲ್ಲ.

ನಾಗಪಂಚಮಿಯ ಮರುವಾರ ಅದನ್ನು ಶಾಲೆಯಲ್ಲಿ ಹಾಸಿದೆವು. ಮಕ್ಕಳು ಅದರ ಮೇಲೆ ಕೂತವು, ಉರುಳಾಡಿದವು, ಕುಪ್ಪಳಿಸಿದವು. ಗೌಂಡಿಯ ಮಗಳನ್ನು ಮೊದಲ ಚೌಕದಲ್ಲಿ ನಿಲ್ಲಿಸಿ ಒಂದೊಂದೇ ಹೆಜ್ಜೆ ಇಡಿಸಿದೆ. ಮೂರನೆಯ ಸಾಲಿನಲ್ಲಿ ಇಪ್ಪತ್ತೊಂಬತ್ತಕ್ಕೆ ಬಂದಳು. ಮುಂದಿನ ಚೌಕ ಕೆಂಪು. ಕಾಲು ಎತ್ತಿ ಹಾಗೆಯೇ ನಿಂತಳು.

“ಬಾಯಾರ, ಇದು ಸೆರಗು.”

“ಹೌದು. ಸೆರಗು ಬಂತಂದ್ರ ಸೀರಿ ಮುಗೀತು. ಎಷ್ಟು ಸೀರಿ ಮುಗಿದ್ವು?”

“ಒಂದು, ಎರಡು... ಮೂರು.”

“ಮೂರು ಹತ್ತು ಅಂದ್ರ?”

ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕಾಲನ್ನು ಕೆಂಪು ಚೌಕದ ಮೇಲೆ ದಪ್ಪನೆ ಇಟ್ಟು “ಮೂವತ್ತು!” ಎಂದು ಕೂಗಿದಳು. ನನ್ನ ಒಲೆಯ ಮುಂದಿದ್ದ ಬೆಕ್ಕೂ ಎದ್ದು ಓಡಿರಬೇಕು ಎಂದು ನಮ್ಮವರು ಆಮೇಲೆ ನಗೆಯಾಡಿದರು.

ಅಲ್ಲಿಂದ ಮಕ್ಕಳ ಲೆಕ್ಕದ ಭಾಷೆಯೇ ಅದಾಯಿತು. ಮೂವತ್ತನಾಲ್ಕು ಎಂದರೆ ಮೂರು ಸೆರಗು, ನಾಲ್ಕು ಚೌಕ. ಪಾಟಿಯ ಮೇಲೆ ಹತ್ತರ ಮನೆ, ಬಿಡಿಯ ಮನೆ ಎಂದು ಎರಡು ವರ್ಷದಿಂದ ಬರೆದು ಒರೆಸುತ್ತಿದ್ದ ನಮ್ಮವರು ಮೂಲೆಯಲ್ಲಿ ನಿಂತು ನೋಡಿದರು. ಅವರ ದೊಡ್ಡ ಗುಣವೆಂದರೆ ಹೆಂಡತಿಯಿಂದ ಕಲಿತದ್ದಕ್ಕೆ ಮುಖ ಗಂಟಿಕ್ಕಲಿಲ್ಲ. ಇದೂ ಒಂದು ದೇವರ ದಯೆ, ಎಲ್ಲರ ಮನೆಯಲ್ಲೂ ಇರುವುದಿಲ್ಲ. ದೀಪಾವಳಿಯ ಹೊತ್ತಿಗೆ ಆ ಹುಡುಗಿ ಐದು ಸೆರಗು ದಾಟಿದ್ದಳು.

ದೀಪಾವಳಿ ಆದ ಮೇಲೆ ಸಂಪನ್ಮೂಲದವರು ಬಂದರು. ಕೌದಿ ಕಂಡದ್ದೇ ಅವರ ಕಣ್ಣು ಅರಳಿತು.

“ವೈನಿ, ಏನ್ ಛಲೋ ಮಾಡೀರಿ! ಇದಕ್ಕ ಶೂನ್ಯ ವೆಚ್ಚದ ಕಲಿಕೋಪಕರಣ ಅಂತಾರ್ರಿ.”

ನನ್ನ ಎರಡು ತಿಂಗಳ ಬೆರಳು, ಅತ್ತೆಯ ಮದುವೆಯ ಸೀರೆ, ಎಲ್ಲ ಸೇರಿ ಶೂನ್ಯ! ಆದರೂ ಬಾಗಿಲಿಗೆ ಬಂದವರು, ಚಹಾ ಕಾಸಿಕೊಟ್ಟೆ.

“ಪ್ರದರ್ಶನ ಐತ್ರಿ, ಎಂಟು ದಿನದ ಮಾತು. ಒಯ್ದು ತೋರಿಸಿ ತಂದು ಕೊಡತೇನಿ.”

“ಮಕ್ಕಳು ಅದರ ಮ್ಯಾಲೆ ಕಲಿಯಾಕ ಹತ್ಯಾವ್ರಿ,” ಎಂದೆ.

“ಮಕ್ಕಳು ಎಲ್ಲಿ ಹೊಕ್ಕಾವ್ರಿ ವೈನಿ? ಎಂಟು ದಿನ.”

ನಮ್ಮವರು ತಲೆಯಾಡಿಸಿದರು. ಮೇಲಿನವರು ಕೇಳಿದರೆ ಅವರ ತಲೆ ತಾನಾಗಿ ಆಡುತ್ತದೆ. ಕೌದಿ ಮಡಚಿ ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿದರು. ಗೌಂಡಿಯ ಮಗಳು ಊರ ಹೊರಗಿನ ಬೇವಿನ ಮರದವರೆಗೆ ಗಾಡಿಯ ಹಿಂದೆ ಓಡಿ ಹೋಗಿ ಬಂದಳು.

ಎಂಟು ದಿನ ಹೋಯಿತು, ಎಂಟು ವಾರ ಹೋಯಿತು. ಕೌದಿ ಬೈಲಹೊಂಗಲ ಕಂಡಿತಂತೆ, ಕಿತ್ತೂರು ಕಂಡಿತಂತೆ, ರಾಮದುರ್ಗಕ್ಕೂ ಹೋಗಿ ಬಂದಿತಂತೆ. ಮದುವೆಯಾಗಿ ಅಷ್ಟು ವರ್ಷವಾದರೂ ನಾನು ರಾಮದುರ್ಗ ಕಂಡಿರಲಿಲ್ಲ. ಎಲ್ಲ ಕಡೆ ಗೋಡೆಗೆ ತೂಗುಹಾಕಿದರಂತೆ. ಕೂರುವ ಕೌದಿಯನ್ನು ಗೋಡೆಗೆ! ಅದರ ಕೆಳಗೆ ಒಂದು ಚೀಟಿ, ತಯಾರಿಸಿದವರು ಎಂದು ಸಂಪನ್ಮೂಲದವರ ಹೆಸರು. ಅವರಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿದ್ದರೆ ನಾನು ಈ ಮಾತನ್ನೂ ನುಂಗಿಕೊಳ್ಳುತ್ತಿದ್ದೆ.

ಸಂಕ್ರಾಂತಿಯ ಆಚೆ ಈಚೆ ನಮ್ಮವರಿಗೆ ಮತ್ತೆ ತರಬೇತಿ ಬಂತು, ಐದು ದಿನದ್ದು. ಮೊದಲ ದಿನ ಮನೆಗೆ ಬಂದವರ ಮುಖ ನೋಡಿದರೆ ನಗುವೋ ಅಳುವೋ ತಿಳಿಯದು.

“ಏನಾತ್ರಿ?”

“ಕೌದಿ ಪದ್ಧತಿ ಕಲಿಸಿದ್ರು.”

“ಯಾವ ಕೌದಿ?”

“ನಿನ್ನ ಕೌದಿ. ನಾಕೂ ಕಡೆ ಮಾಸ್ತರರು ಬಂದಿದ್ರು. ಬಣ್ಣದ ಹಾಳಿ ಕತ್ತರಿಸಿ, ಗೋಂದು ಹಚ್ಚಿ ನೂರು ಚೌಕ ಅಂಟಸ್ರಿ ಅಂದ್ರು. ಅಂಟಿಸಿದ್ವಿ.”

“ನೀವೂ?”

“ನಾನೂ.”

“ಹೇಳಬೇಕಿತ್ತಿಲ್ರಿ, ಇದು ನಮ್ಮನಿಯಾಕಿ ಮಾಡಿದ್ದು ಅಂತ!”

ಅವರು ಕಾಲು ತೊಳೆದುಕೊಳ್ಳುತ್ತ ಹೇಳಿದರು: “ಏನಂತ ಹೇಳ್ಲಿ? ಅವರ ಹಾಳ್ಯಾಗ ಸೆರಗನ ಇರಲಿಲ್ಲ. ನೂರೂ ಚೌಕ ಒಂದೊಂದು ಬಣ್ಣ. ಚಂದ ಕಾಣತೈತಿ ಅಂತ.”

ಕೇಳಿ ನನಗೆ ಸಿಟ್ಟು ಬರಲಿಲ್ಲ, ಹೇಸಿಕೆ ಬಂತು. ಕದ್ದರೆ ಕದಿಯಲಿ, ಕದಿಯುವಾಗ ಜೀವ ಇರುವ ಭಾಗವನ್ನಾದರೂ ಕದಿಯಬೇಡವೇ? ಅವರು ಹಾಳೆಯ ಮೇಲೆ ಸೆರಗಿಲ್ಲದ ಸೀರೆ ಉಡಿಸುತ್ತಿದ್ದ ಆ ಐದೂ ದಿನ ನಾನು ಶಾಲೆಯಲ್ಲಿ ಕೂತಿದ್ದೆ. ಗೌಂಡಿಯ ಮಗಳು ಬರಿಯ ಕಲ್ಲಿನ ಮೇಲೆ ಹೆಜ್ಜೆ ಇಡುತ್ತ ಎಣಿಸಿದಳು. ಐವತ್ತೊಂಬತ್ತಕ್ಕೆ ಬಂದು ನಿಂತು ನೆಲ ನೋಡಿದಳು. ನೆಲದಲ್ಲಿ ಕೆಂಪಿರಲಿಲ್ಲ. “ಐವತ್ತ ಹತ್ತು,” ಎಂದಳು, ಎಂದದ್ದೇ ತಪ್ಪು ತಿಳಿದು ಬಾಯಿಗೆ ಕೈ ಅಡ್ಡ ಹಿಡಿದಳು. “ಬಾಯಾರ, ನಮ್ಮ ಕೌದಿ ಯಾವಾಗ ಬರತೈತ್ರಿ?”

ಯುಗಾದಿಗೆ ಎರಡು ತಿಂಗಳಿತ್ತು. ಇನ್ನೊಂದು ಹೊಲಿಯೋಣವೆಂದರೆ ಓಣಿಯಲ್ಲಿ ಹಳೆಯ ಸೀರೆ ಉಳಿದಿರಲಿಲ್ಲ.

ಶಿವರಾತ್ರಿ ಉಪವಾಸ ಮುಗಿದ ಮೂರನೆಯ ದಿನ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಸಂಪನ್ಮೂಲದವರ ಕೇಂದ್ರ ಯಾವ ಊರಿನಲ್ಲಿತ್ತು ಎಂದು ಬರೆಯುವುದಿಲ್ಲ. ಆ ಊರಿನ ಜನರ ತಪ್ಪೇನಿದೆ? ಹೋದರೆ ಬಾಗಿಲು ತೆರೆದಿತ್ತು, ಒಳಗೆ ಕಪಾಟಿಗೆ ಕೀಲಿ. ಕಸ ಹೊಡೆಯುವ ಹೆಣ್ಣುಮಗಳೊಬ್ಬಳು ಮಾತ್ರ ಇದ್ದಳು.

“ಸಾಹೇಬ್ರು ಎಲ್ಲ್ಯವ್ವಾ?”

“ತರಬೇತಿಗೆ ಹೋಗ್ಯಾರ್ರಿ.”

“ತರಬೇತಿ ಕೊಡಾಕೋ?”

“ಇಲ್ರಿ, ತಗೊಳ್ಳಾಕ. ತರಬೇತಿ ಹೆಂಗ ಕೊಡಬೇಕು ಅನ್ನೂದು ಕಲಿಯಾಕ.”

ಮೆಟ್ಟಿಲ ಮೇಲೆ ಕೂತೆ. ಆಕೆಗೊಂದು ರೊಟ್ಟಿ ಕೊಟ್ಟು ನಾನೊಂದು ತಿಂದೆ. ಮಧ್ಯಾಹ್ನ ಇಳಿದ ಮೇಲೆ ಸಂಪನ್ಮೂಲದವರು ಬಂದರು. ನನ್ನನ್ನು ಕಂಡು ಮುಖದ ಮೇಲೆ ನಗೆ ತಂದುಕೊಂಡರು.

“ಅರೇ ವೈನಿ! ಇಷ್ಟು ದೂರ ಯಾಕ ಬಂದ್ರಿ?”

“ನನ್ನ ಕೌದಿ ಕೊಡ್ರಿ.”

“ಕೊಡೂಣಂತ್ರಿ. ಜಿಲ್ಲಾದಿಂದ ದೊಡ್ಡ ಸಾಹೇಬ್ರು ಬರಾವ್ರು ಅದಾರ. ಅವರು ನೋಡಿ ಹೋಗಲಿ. ಇನ್ನ ಕೌದಿ ಅಂದ್ರ ಬರೇ ನಿಮ್ಮದಲ್ರಿ, ಇಡೀ ಇಲಾಖೆದ್ದು.”

“ಇಲಾಖೆ ಯಾವಾಗ ಸೀರಿ ಉಟ್ಟಿತ್ರಿ?”

ಕಸ ಹೊಡೆಯುವವಳು ಪೊರಕೆ ಅಡ್ಡ ಹಿಡಿದು ನಕ್ಕಳು. ಅವರಿಗೆ ಕೋಪ ಬಂತು. ಬೇಕಾದರೆ ಕಣ್ಣಿಂದ ನೋಡಿಕೊಂಡು ಹೋಗಿ, ಎಷ್ಟು ಜೋಪಾನವಾಗಿ ಇಟ್ಟಿದ್ದೇವೆ ಎಂದು ಕಪಾಟು ತೆರೆದರು.

ತೆರೆದ ಕೂಡಲೇ ವಾಸನೆ ಬಂತು. ಇಲಿಗಳು ಎರಡು ಕೆಳಗೆ ಜಿಗಿದು ಮೇಜಿನಡಿ ಸೇರಿದವು. ರೊಟ್ಟಿ ಇಟ್ಟಿದ್ದ ಮೂಲೆ ನೂರನೆಯ ಚೌಕದ್ದು. ಅಲ್ಲಿಂದ ಶುರು ಮಾಡಿ ಹಿಂದೆ ಹಿಂದೆ ಬಂದು, ಮರಿ ಹಾಕಿ, ನೂಲು ನೂಲು ಮಾಡಿದ್ದವು.

ಸಂಪನ್ಮೂಲದವರು ಮೂಗು ಮುಚ್ಚಿಕೊಂಡರು. ಮೂಲೆಯಲ್ಲಿ ರೊಟ್ಟಿ ಇಡುವ ವಿಷಯ ನಾನು ಹೇಳಿದಾಗ ಅವರಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು.

“ರೊಟ್ಟಿ ಇಟ್ಟು ಹೊಲಿತಾರೇನ್ರಿ ಯಾರರ? ಇಂಥಾ ಮೂಢನಂಬಿಕಿಯಿಂದನ ನಮ್ಮ ಹಳ್ಳಿ ಹಿಂದ ಉಳದಾವು. ನೀವು ರೊಟ್ಟಿ ಇಡದಿದ್ರ ಇಲಿ ಬರತಿತ್ತೇನ್ರಿ?”

“ಸರ, ನಮ್ಮನ್ಯಾಗ ಆರು ಕೌದಿ ಅದಾವು. ಆರಕ್ಕೂ ರೊಟ್ಟಿ ಇಟ್ಟೇನಿ. ಒಂದಕ್ಕೂ ಇಲಿ ಬಂದಿಲ್ಲ. ಯಾಕಂದ್ರ ಅವನ್ನ ದಿನಾ ಹಾಸತೇವಿ, ದಿನಾ ಕೊಡವತೇವಿ. ಕೌದಿ ಇರೂದು ಕೂಡಾಕ. ಕಪಾಟಿನ್ಯಾಗ ಇಟ್ರ ಇಲೀನ ಕೂಡತಾವು.”

ಅವರು ಗಡಿಯಾರ ನೋಡಿಕೊಂಡರು. ದೊಡ್ಡ ಸಾಹೇಬರು ಬರುವ ಮುಂಚೆ ಈ ಹೊಲಸು ಹೊರಗೆ ಹೋಗಬೇಕಿತ್ತು ಅಷ್ಟೆ. “ಒಯ್ರಿ, ಒಯ್ರಿ” ಎಂದು ಕೈ ಆಡಿಸಿದರು. ನಾಲ್ಕು ತಿಂಗಳು ನಮ್ಮವರು ಸಭೆ ಸಭೆಗೂ ಕೇಳಿದರೆ ಕೊಡಲಿಲ್ಲ, ನಾನು ಬಂದು ಕೂತರೂ ಕೊಡುತ್ತಿರಲಿಲ್ಲ. ಗಣಪತಿಯ ವಾಹನ ಬಂದು ಬಿಡಿಸಿಕೊಟ್ಟಿತು. ಆತನಿಗೆ ಒಂದು ತೆಂಗಿನಕಾಯಿ ಒಡೆಸಿಯೇ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಮಡಿಲ ಮೇಲೆ ಬಿಡಿಸಿ ನೋಡಿದೆ. ಅರವತ್ತರವರೆಗೆ ಗಟ್ಟಿಯಾಗಿತ್ತು. ಆರು ಸೆರಗು ಉಳಿದಿದ್ದವು. ಹುಡುಗಿ ತಪ್ಪುತ್ತಿದ್ದದ್ದು ಐವತ್ತೊಂಬತ್ತಕ್ಕೆ. ಅವಳಿಗೆ ಬೇಕಾದ ಆರನೆಯ ಸೆರಗನ್ನು ದೇವರು ಇಲಿಯ ಬಾಯಿಯಿಂದ ತಪ್ಪಿಸಿ ಕೊಟ್ಟಿದ್ದ. ಅಷ್ಟೇ ಸಾಕು ಎಂದುಕೊಂಡೆ.

ನಾಲ್ಕು ದಿನ ಬಿಸಿನೀರಿನಲ್ಲಿ ಕುದಿಸಿ, ಬಡಿದು, ಒಣಗಿಸಿದೆ. ಉಳಿದ ನಾಲ್ಕು ಸಾಲಿಗೆ ನಾನು ಉಡುತ್ತಿದ್ದ ಎರಡು ಸೀರೆ ಕತ್ತರಿಸಿದೆ. ಇನ್ನೆರಡಕ್ಕೆ ಎಲ್ಲಿ ಹೋಗುವುದು ಎನ್ನುವಷ್ಟರಲ್ಲಿ ಗೌಂಡಿಯ ಹೆಂಡತಿ ಬಾಗಿಲಿಗೆ ಬಂದು ತನ್ನ ಎರಡು ಸೀರೆಯ ಗಂಟೊಂದನ್ನು ಒಳಗೆ ಇಟ್ಟಳು. ಗಂಡನಿಗೆ ಹೇಳಬೇಡಿ ಎಂದಳು. ನಾನು ಹೊಲಿಯುವಾಗ ಮಗಳು ಪಕ್ಕದಲ್ಲಿ ಕೂತು ಚೌಕ ಎಣಿಸಿ ಎಣಿಸಿ ಕೈಗೆ ಕೊಟ್ಟಳು. ಪ್ರತಿ ಸಾಲಿಗೂ ಒಂಬತ್ತು ಕೊಟ್ಟು, ಹತ್ತನೆಯದಕ್ಕೆ ತಾನಾಗಿ ಸೆರಗಿನ ತುಂಡು ಹುಡುಕುವಳು. ಕೊನೆಯ ಮೂಲೆಗೆ ರೊಟ್ಟಿಯ ಚೂರನ್ನೂ ಅವಳ ಕೈಯಿಂದಲೇ ಇಡಿಸಿದೆ. ಮೂಢನಂಬಿಕೆಯಾದರೆ ಆಗಲಿ.

ಯುಗಾದಿಯ ದಿನ ಬೇವು ಬೆಲ್ಲ ತಿಂದಾದ ಮೇಲೆ ಗೌಂಡಿ ತನ್ನ ಮಾತಿನಂತೆ ಮನೆಯ ಮುಂದೆ ಕಲ್ಲಿನ ರಾಶಿ ಹಾಕಿದ. ನಮ್ಮವರು ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಎದುರಿನ ಮನೆಯ ಬಾಗಿಲಲ್ಲಿ ನಿಂತೆ, ಒಳಗೊಳಗೆ ಪಂಚಾಕ್ಷರಿ ಹೇಳಿಕೊಳ್ಳುತ್ತ. ಹುಡುಗಿ ಒಂದೊಂದೇ ಕಲ್ಲು ಎತ್ತಿ ಸಾಲಾಗಿ ಇಡುತ್ತ ಬಂದಳು. ಒಂಬತ್ತು ಕಲ್ಲು ಆದ ಮೇಲೆ ಹತ್ತನೆಯದನ್ನು ಸ್ವಲ್ಪ ಸರಿಸಿ, ಅಡ್ಡಲಾಗಿ ಇಟ್ಟಳು. ಅಲ್ಲಿಂದ ಹೊಸ ಸಾಲು.

“ಅದ್ಯಾಕ ಅಡ್ಡ ಇಡತಿ?” ಅಪ್ಪ ಕೇಳಿದ.

“ಅದು ಸೆರಗು. ನಡುವ ಮಾತಾಡಬ್ಯಾಡ.”

ಐವತ್ತೊಂಬತ್ತಕ್ಕೆ ಬಂದಾಗ ಕೈಯಲ್ಲಿ ಕಲ್ಲು ಹಿಡಿದು ನಿಂತಳು. ನನ್ನ ಜಪ ಅಲ್ಲೇ ನಿಂತುಬಿಟ್ಟಿತು. ಅವಳು ಅಡ್ಡ ಕಲ್ಲುಗಳನ್ನು ಕಣ್ಣಿನಿಂದ ಎಣಿಸಿದಳು. ಐದು ಇದ್ದವು. ಆರನೆಯದನ್ನು ಅಡ್ಡ ಇಟ್ಟು, “ಅರವತ್ತು” ಎಂದಳು, ಮೆಲ್ಲಗೆ. ನೂರಕ್ಕೆ ಮುಟ್ಟುವ ಹೊತ್ತಿಗೆ ಅರ್ಧ ಓಣಿ ಸೇರಿತ್ತು. ಗೌಂಡಿ ಹತ್ತು ಅಡ್ಡಕಲ್ಲುಗಳನ್ನು ತಾನೂ ಒಮ್ಮೆ ಎಣಿಸಿದ. “ಸಾಲು ಛಲೋ ಹಿಡದಿ,” ಎಂದ. ಕಲ್ಲು ಕಟ್ಟುವವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ.

ಸಂಪನ್ಮೂಲದವರು ತಮ್ಮ ತರಬೇತಿಯಿಂದ ನಮ್ಮ ಶಾಲೆಯ ಮಕ್ಕಳು ಲೆಕ್ಕದಲ್ಲಿ ಮುಂದೆ ಬಂದವೆಂದು ವರದಿ ಬರೆದರಂತೆ. ಬರೆಯಲಿ. ಮುಂದಿನ ವರ್ಷ ಮಳೆ ಹಿಡಿದ ಮೇಲೆ ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದರು. ಕೌದಿಯ ಮೇಲೆ ಅಷ್ಟು ಹೊತ್ತಿಗೆ ಶಾಯಿ, ಮಣ್ಣು, ಸಾರು ಎಲ್ಲ ಬಿದ್ದಿತ್ತು. ನಾನು ಬೇಕೆಂದೇ ಒಗೆದಿರಲಿಲ್ಲ.

“ಮಕ್ಕಳ, ಸ್ವಲ್ಪ ಏಳ್ರಿ. ಕೌದಿ ಗ್ವಾಡಿಗೆ ಹಾಕಿ ಫೋಟೋ ತೆಗಿಯೂಣ.”

ಒಬ್ಬರೂ ಏಳಲಿಲ್ಲ. ಸಂಪನ್ಮೂಲದವರು ನಮ್ಮವರ ಮುಖ ನೋಡಿದರು. ನಮ್ಮವರ ತಲೆ ಆ ದಿನ ಆಡಲಿಲ್ಲ. ಅವರು ಹಲಗೆಯ ಕಡೆ ತಿರುಗಿ ಬರೆಯತೊಡಗಿದರು.

ಮೂರನೆಯ ಇಯತ್ತೆಯ ಸಾಲಿನಿಂದ ಗೌಂಡಿಯ ಮಗಳು ಹೇಳಿದಳು: “ನಾ ಎಪ್ಪತ್ತೆರಡರಾಗ ಕುಂತೇನ್ರಿ ಸರ. ಲೆಕ್ಕಾ ಮುಗಿದಿಲ್ಲ.”